ಒಂಬತ್ತು ಇಪ್ಪತ್ತರ ನೋವು

ನಮ್ಮ ಆಲಿಕೆ ಕೇಂದ್ರದಲ್ಲಿ ರೋಗಿಗಳಿಗೆ ಹೆಸರಿಲ್ಲ. ಊರಿಲ್ಲ, ಕಸುಬಿಲ್ಲ, ಮುಖವೂ ಇಲ್ಲ. ವಯಸ್ಸು, ಹೆಣ್ಣೋ ಗಂಡೋ ಎಂಬುದು, ಒಂದು ನಂಬರು. ನನಗೆ ಗೊತ್ತಾಗುವುದು ಇಷ್ಟೇ. ಈ ನಿಯಮ ಮಾಡಿದ್ದು ಒಳ್ಳೆಯ ಉದ್ದೇಶಕ್ಕೇ. ಹಿಂದೆ ಹೆಂಗಸರು ಕಿಬ್ಬೊಟ್ಟೆ ನೋವೆಂದು ಬಂದರೆ, ಚೀಟಿಯ ಮೇಲೆ ‘ಗೃಹಿಣಿ’ ಎಂದೋ ‘ಕೂಲಿ’ ಎಂದೋ ಇರುವುದನ್ನು ನೋಡಿಯೇ ‘ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಎಂದು ಬರೆದು ಕಳಿಸುವ ಡಾಕ್ಟರರಿದ್ದರಂತೆ. ಅದನ್ನು ತಪ್ಪಿಸಲು ಹೆಸರು, ಕಸುಬು ಎಲ್ಲವನ್ನೂ ಮುಚ್ಚಿಟ್ಟರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. ಕೇಳುವವರು ಯಾರೂ ಇರಲಿಲ್ಲ.

ಯಾರೂ ಇರಲಿಲ್ಲ ಎಂದರೆ ನಿಜವಾಗಿಯೂ ಯಾರೂ ಇರಲಿಲ್ಲ. ಮೊದಲು ಕೇಂದ್ರದಲ್ಲಿ ಆರು ಜನ ಆಲಿಕೆಯವರಿದ್ದೆವು. ಕಂಪ್ಯೂಟರು ಜಾಣವಾದಂತೆ ಒಬ್ಬೊಬ್ಬರೇ ಕಡಿಮೆಯಾಗಿ ನಾನೊಬ್ಬಳು ಉಳಿದೆ. ವರದಿಯ ಕೆಳಗೆ ಮನುಷ್ಯರ ಸಹಿ ಇರಲೇಬೇಕೆಂದು ಕಾನೂನಿದೆ, ಆ ಸಹಿಗಾಗಿ ನನ್ನನ್ನು ಇಟ್ಟುಕೊಂಡಿದ್ದಾರೆ. ನನಗೀಗ ನಲವತ್ತಮೂರು. ಮದುವೆ ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೂ ತೀರಿಹೋದರು. ದಿನಕ್ಕೆ ನಲವತ್ತೆಂಟು ಹೊಟ್ಟೆಗಳ ಒಳಗಿನ ಸದ್ದು ಕೇಳುತ್ತೇನೆ, ಎದುರಿಗೆ ಕೂತು ಮಾತಾಡುವವರು ಒಬ್ಬರಿಲ್ಲ.

ಆಲಿಪಟ್ಟಿ ಎಂದರೆ ನಾಲ್ಕು ಬೆರಳಗಲದ ಬಟ್ಟೆಯ ಬೆಲ್ಟು. ಸ್ನಾಯು ಬಿಗಿಯುವಾಗ ಸಣ್ಣಗೆ ಗುಂಯ್‌ಗುಡುತ್ತದೆ. ನಮ್ಮ ಕಿವಿಗೆ ಕೇಳಿಸುವುದಿಲ್ಲ, ಪಟ್ಟಿಗೆ ಕೇಳಿಸುತ್ತದೆ. ರೋಗಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹದಿನೈದು ದಿನ ಮನೆಯಲ್ಲಿ ತನ್ನ ಪಾಡಿಗೆ ತಾನಿರಬೇಕು. ಸದ್ದೆಲ್ಲ ಕೇಂದ್ರಕ್ಕೆ ಬರುತ್ತದೆ. ಕಂಪ್ಯೂಟರು ಅದರಲ್ಲಿನ ಕಸ ತೆಗೆದು, ಉಳಿದದ್ದನ್ನು ಒಂದು ಗೆರೆಯಾಗಿ ಬರೆಯುತ್ತದೆ. ಗೆರೆ ಎಲ್ಲಿ ಎದ್ದಿದೆಯೋ ಅಲ್ಲಿ ನೋವಿನ ಕಾರಣವಿರುತ್ತದೆ. ಗೆರೆ ಏಳದಿದ್ದರೆ ‘ಕಾರಣರಹಿತ’ ಎಂಬ ಮುದ್ರೆ ಬೀಳುತ್ತದೆ.

ಆ ಬುಧವಾರ ನನ್ನ ಮುಂದೆ ಬಂದದ್ದು ಮೂವತ್ತೊಂದನೇ ನಂಬರು. ಹೆಣ್ಣು, ಐವತ್ತೊಂದು ವರ್ಷ. ಕಿಬ್ಬೊಟ್ಟೆ ನೋವು ಶುರುವಾಗಿ ಒಂಬತ್ತು ವರ್ಷ. ಜೊತೆಗಿದ್ದ ಪಟ್ಟಿ ಓದಿ ನನಗೇ ಸುಸ್ತಾಯಿತು. ಸ್ಕ್ಯಾನು ನಾಲ್ಕು ಸಲ. ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡಿದ್ದು ಎರಡು ಸಲ. ಆರು ವರ್ಷದ ಹಿಂದಿನ ಒಂದು ಸಾಲು: ‘ಗರ್ಭಕೋಶ ತೆಗೆಯಲಾಗಿದೆ. ನೋವು ಹಾಗೇ ಇದೆ.’ ಮುಂದಿನ ಸೋಮವಾರ ಕಿಬ್ಬೊಟ್ಟೆಗೆ ಹೋಗುವ ನರಗಳನ್ನು ಸುಡುವುದೆಂದು ತೀರ್ಮಾನವಾಗಿತ್ತು. ಸುಟ್ಟರೆ ನೋವು ಖಂಡಿತ ಹೋಗುತ್ತದೆ. ಅದರ ಜೊತೆ ಮೂತ್ರದ ಹಿಡಿತವೂ ಹೋಗುತ್ತದೆ, ಇರುವಷ್ಟು ದಿನ ಚೀಲ ಕಟ್ಟಿಕೊಂಡು ತಿರುಗಬೇಕು. ಆಕೆ ಒಪ್ಪಿ ಸಹಿ ಹಾಕಿದ್ದಾಳೆ ಎಂದಷ್ಟೇ ಬರೆದಿತ್ತು. ಶನಿವಾರ ಸಂಜೆಯೊಳಗೆ ನಾನು ‘ಕಾರಣರಹಿತ’ ಎಂದು ಬರೆದುಕೊಟ್ಟರೆ ಮುಗಿಯಿತು. ಗೆರೆ ನೋಡಿದೆ, ಕೆರೆಯ ನೀರಿನ ಹಾಗೆ ಸಪಾಟಾಗಿತ್ತು.

ಮಧ್ಯಾಹ್ನವಾಗಿತ್ತು, ಸಹಿ ಆಮೇಲೆ ಮಾಡಿದರಾಯಿತೆಂದು ಬುತ್ತಿ ಬಿಚ್ಚಿದೆ. ಊಟ ಮಾಡುವಾಗ ನನಗೊಂದು ಚಟವಿದೆ. ಕಂಪ್ಯೂಟರು ತೆಗೆದು ಬಿಸಾಡಿದ ಕಸದ ಸದ್ದನ್ನು ಸ್ಪೀಕರಿನಲ್ಲಿ ಹಾಕಿಕೊಳ್ಳುತ್ತೇನೆ. ಫ್ಯಾನು, ಮಿಕ್ಸಿ, ಪಕ್ಕದ ಮನೆಯ ಬೋರಿನ ಮೋಟರು, ಬೀದಿಯಲ್ಲಿ ಹೋಗುವ ಗಾಡಿ. ಯಾರದೋ ಮನೆಯಲ್ಲಿ ಕೂತು ಉಂಡ ಹಾಗಿರುತ್ತದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇರುವುದನ್ನು ಹೇಳುತ್ತಿದ್ದೇನೆ.

ಮೂವತ್ತೊಂದರ ಕಸ ಹಾಕಿಕೊಂಡು ರೊಟ್ಟಿ ಮುರಿದೆ. ಒಂದು ಗುಂಯ್ ಶಬ್ದ ಎದ್ದಿತು, ತುಸು ತಗ್ಗಿತು, ಪೂರ್ತಿ ಇಳಿಯದೆ ಮತ್ತೆ ಎದ್ದಿತು. ಹದಿನಾಲ್ಕು ವರ್ಷ ಹೊಟ್ಟೆಗಳನ್ನೇ ಕೇಳಿದ ಕಿವಿ ನನ್ನದು. ಅದು ಮೋಟರಲ್ಲ, ಸ್ನಾಯು. ಕಿಬ್ಬೊಟ್ಟೆಯ ತಳದಲ್ಲಿ ಜೋಳಿಗೆಯ ಹಾಗೆ ಹರಡಿಕೊಂಡು ಮೇಲಿನದನ್ನೆಲ್ಲ ಹೊತ್ತಿರುವ ಸ್ನಾಯು ಒಂದಿದೆ. ನಾವು ಮೂತ್ರ ತಡೆಯುವುದು ಅದನ್ನು ಬಿಗಿದೇ. ಆ ಸ್ನಾಯು ಹಗ್ಗ ಹುರಿದ ಹಾಗೆ ಹುರಿಗೊಳ್ಳುತ್ತಿತ್ತು. ಅಂಥದ್ದನ್ನು ಕಂಪ್ಯೂಟರು ಕಸಕ್ಕೆ ಯಾಕೆ ಹಾಕಿತು? ಕಾರಣ ಹುಡುಕಿದರೆ ಅಲ್ಲೇ ಬರೆದಿತ್ತು: ‘ದಿನವೂ ಅದೇ ನಿಮಿಷಕ್ಕೆ ಮರುಕಳಿಸುತ್ತದೆ. ಯಂತ್ರದ ಸದ್ದು.’ ಗಡಿಯಾರ ನೋಡಿಕೊಂಡು ನಡೆಯುವುದು ಯಂತ್ರ ಮಾತ್ರ, ದೇಹ ಹಾಗೆ ನಡೆಯುವುದಿಲ್ಲ ಎಂದು ಅದನ್ನು ಬರೆದ ಜಾಣರು ನಂಬಿದ್ದರು.

ಊಟ ಬಿಟ್ಟು ಸಮಯ ಬರೆದುಕೊಂಡೆ. ಬೆಳಿಗ್ಗೆ ಆರು ಇಪ್ಪತ್ತು. ಏಳು. ಏಳು ಮೂವತ್ತೈದು. ಎಂಟು ನಲವತ್ತು. ಒಂಬತ್ತು ಇಪ್ಪತ್ತು, ಇದು ಎಲ್ಲಕ್ಕಿಂತ ಜೋರು. ಮಧ್ಯಾಹ್ನ ಹನ್ನೆರಡು ಐವತ್ತಕ್ಕೆ ಪೂರ್ತಿ ಸಡಿಲ. ಮತ್ತೆ ಮೂರು ಕಾಲಿಗೆ ಶುರುವಾಗಿ ರಾತ್ರಿ ಎಂಟೂವರೆಯವರೆಗೆ. ಹದಿನೈದು ದಿನವೂ ಹೀಗೇ, ನಡುವೆ ಎರಡು ಮಂಗಳವಾರ ಬಿಟ್ಟು. ಆ ಎರಡು ದಿನ ಸ್ನಾಯು ಎಳೆಗೂಸಿನ ಹಾಗೆ ಮಲಗಿತ್ತು. ಇನ್ನೊಂದು ವಿಷಯವನ್ನೂ ನೋಡಿದೆ. ಒಂಬತ್ತು ವರ್ಷದಲ್ಲಿ ಆಕೆಯ ಸ್ಕ್ಯಾನು, ತಪಾಸಣೆ ಎಲ್ಲ ನಡೆದದ್ದು ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ. ಕಿಬ್ಬೊಟ್ಟೆಯ ರೋಗಿಗಳನ್ನು ನೋಡುವ ಹೊತ್ತು ಅದೇ ಅಂತೆ. ಕಳ್ಳ ಊಟಕ್ಕೆ ಹೋದಾಗಲೇ ಪೊಲೀಸರು ಮನೆ ಹುಡುಕಿದ್ದರು.

ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದೆ. ಎಂಟು ನಲವತ್ತು ಎಂದಾಗ ನಾಲಿಗೆ ತಡೆಯಿತು. ಮಾದಿನಾಳ ನನ್ನ ಊರು. ಮಾದಿನಾಳದಲ್ಲಿ ಹೊತ್ತು ಗೊತ್ತಾಗುತ್ತಿದ್ದುದು ಬಸ್ಸಿನಿಂದ. ಎಂಟು ನಲವತ್ತರ ಬಸ್ಸು ಹೋದ ಮೇಲೆ ಅವ್ವ ಒಲೆ ಆರಿಸುತ್ತಿದ್ದಳು. ಆ ಬಸ್ಸು ಒಂಬತ್ತು ಇಪ್ಪತ್ತಕ್ಕೆ ಜಾಲಿಹಾಳ ಕ್ರಾಸ್, ಒಂಬತ್ತು ಐವತ್ತಕ್ಕೆ ಕುಮಾರಗಡ ಮುಟ್ಟುತ್ತಿತ್ತು. ಹತ್ತಕ್ಕೆ ನನ್ನ ಕಾಲೇಜು. ಮೂರು ವರ್ಷ ಅದೇ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮಾಡಿದವಳು ನಾನು. ಹೊನ್ನಿಗನೂರು–ಕುಮಾರಗಡ ಬಸ್ಸು. ಚಾಲಕರಿಲ್ಲದ ಬಸ್ಸುಗಳು ಬಂದ ಮೇಲೆ ಆ ದಾರಿಯ ಹಳೆಯ ಬಸ್ಸುಗಳನ್ನು ನಿಲ್ಲಿಸಿಬಿಟ್ಟರು, ಕಂಡಕ್ಟರರನ್ನೂ ಮನೆಗೆ ಕಳಿಸಿದರು. ನಿಲ್ಲಿಸಿ ಒಂಬತ್ತು ವರ್ಷ ಆಯಿತು.

ಆ ಬಸ್ಸಿನಲ್ಲಿ ಒಬ್ಬ ಹೆಣ್ಣು ಕಂಡಕ್ಟರ್ ಇದ್ದಳು.

ಜಿಲ್ಲೆಯ ಆಲಿಕೆಗೆಲ್ಲ ಮೇಲಿನವರು ಡಾ. ಜಹಾಗೀರದಾರ. ಒಳ್ಳೆಯ ಮನುಷ್ಯರೇ, ಆದರೆ ನಿಯಮ ಎಂದರೆ ನಿಯಮ. ಪರದೆಯ ಮೇಲೆ ಬಂದು ಎಲ್ಲ ಕೇಳಿಸಿಕೊಂಡರು.

“ಮೇಡಂ, ಬಸ್ ನಿಂತು ಒಂಬತ್ತು ವರ್ಷ ಆತು ಅಂತ ನೀವ ಹೇಳ್ತೀರಿ. ಇಲ್ಲದ ಬಸ್ಸಿನ ಟೈಮಿಗೆ ಯಾರಿಗರೆ ಹೊಟ್ಟಿ ನೋಯತೈತೇನ್ರಿ?”

“ನಸಿಕಿನ್ಯಾಗ ಏಳೂ ರೂಢಿ ಇದ್ದವರು ರಿಟೈರ್ ಆದ ಮ್ಯಾಲೂ ಏಳ್ತಾರಲ್ರೀ ಸರ್. ಕಣ್ಣಿಗೆ ರೂಢಿ ಆದಂಗ ಸ್ನಾಯುಗೂ ಆಗಿರಬಹುದು. ವರ್ಷಾನುಗಟ್ಲೆ ಆ ಹೆಣ್ಮಗಳು ದಿನಾ ಅದ ಹೊತ್ತಿಗೆ ಮೂತ್ರ ತಡಕೊಂಡಾಳ. ಆಗ ಓಡಾಡೂ ಮೈ ಇತ್ತು, ಬಿಗಿದದ್ದು ಸಡ್ಲ ಆಗತಿತ್ತು. ಈಗ ಮನ್ಯಾಗ ಕುಂತಾಳ, ಬಿಗಿದದ್ದು ಬಿಗದ ಉಳೀತೈತಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಆಗಿರಬಹುದು ಅಂತ ವರದಿ ಬರ್ಯಾಕ ಬರೂದಿಲ್ಲ. ಆಕಿ ಕಂಡಕ್ಟರ್ ಅಂತ ನಿಮಗ ಗೊತ್ತಾಗೂದ ತಪ್ಪು. ಶನಿವಾರ ಸಂಜೀತನಕ ಪುರಾವೆ ತರ್ರಿ, ಇಲ್ಲಾಂದ್ರ ಸಹಿ ಮಾಡ್ರಿ. ಮತ್ತ ಪೇಷಂಟ್ ಹತ್ರ ಹೋಗಬ್ಯಾಡ್ರಿ.”

ಹೋಗದೆ ಪುರಾವೆ ಎಲ್ಲಿಂದ ತರುವುದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗುರುವಾರ ರಜೆ ಹಾಕಿ ಕುಮಾರಗಡದ ಬಸ್ಸು ಹತ್ತಿದೆ.

ಹಳೆಯ ಡಿಪೋ ಈಗ ಬಸ್ಸುಗಳಿಗೆ ಚಾರ್ಜು ಮಾಡುವ ಅಂಗಳ. ಒಬ್ಬ ಮನುಷ್ಯನಿಲ್ಲ, ಬಸ್ಸುಗಳು ತಾವೇ ಬಂದು, ತಾವೇ ನಿಂತು, ತಾವೇ ಹೋಗುತ್ತವೆ. ಎದುರಿನ ಚಹಾದ ಅಂಗಡಿಯಲ್ಲಿ ಕೇಳಿದೆ. “ಕಂಡಕ್ಟರ್ ಹುಲಿಗೆಮ್ಮನ ಮನಿ ಅಲ್ಲೇನ್ರಿ? ಹಿಂದಿನ ಓಣಿ, ನೀಲಿ ಬಾಗಲಾ,” ಎಂದರು. ಕಂಡಕ್ಟರಿಕೆ ಹೋದರೂ ಹೆಸರಿನ ಮುಂದಿನದು ಹೋಗಿರಲಿಲ್ಲ.

ನೀಲಿ ಬಾಗಿಲಲ್ಲಿ ಎತ್ತರದ ಹೆಂಗಸೊಬ್ಬಳು ಚೌಕಟ್ಟಿಗೆ ಸೊಂಟ ಆನಿಸಿ, ಕಾಲು ಅಗಲಿಸಿ ನಿಂತಿದ್ದಳು. ಆ ನಿಲುವಿನಿಂದಲೇ ಗುರುತು ಹಿಡಿದೆ. ಓಡುವ ಬಸ್ಸಿನಲ್ಲಿ ಎರಡೂ ಕೈ ಬಿಟ್ಟು ಟಿಕೆಟ್ ಕೊಡುತ್ತಿದ್ದವಳು ಹಾಗೇ ನಿಲ್ಲುತ್ತಿದ್ದಳು.

“ಬೆಲ್ಟ್ ಒಯ್ಯಾಕ ಬಂದೀರೇನ್ರಿ?”

“ಇಲ್ರಿ ಅಕ್ಕಾರ. ನೋಡಿ ಹೋಗೂಣಂತ ಬಂದೆ. ಕೇಂದ್ರದಾಕಿ.”

“ನೋಡಾಕ ಬಂದ್ಯಾ?” ಆಕೆಗೆ ನಂಬಿಕೆ ಬರಲಿಲ್ಲ. “ಒಂಬತ್ತ ವರ್ಷದಾಗ ದವಾಖಾನಿ ಮಂದಿ ಯಾರೂ ನೋಡಾಕ ಬಂದಿಲ್ಲವ್ವ. ಬಾ, ಒಳಗ ಬಾ. ಕುಂದ್ರು. ನಾ ಕುಂದ್ರಾಂಗಿಲ್ಲ, ಕುಂತರ ಚುಚ್ಚತೈತಿ.”

ಒಂದೇ ಕೋಣೆ, ಒಂದು ತಟ್ಟೆ, ಒಂದು ಲೋಟ. ಗಂಡ ಬಹಳ ಹಿಂದೆಯೇ ಬಿಟ್ಟುಹೋಗಿದ್ದ. ಮಕ್ಕಳಾಗಿರಲಿಲ್ಲ. ಚಹಾ ಕುಡಿಯುವಾಗ ಲೋಟ ನನಗೆ ಕೊಟ್ಟು ತಾನು ಚರಗಿಯಲ್ಲಿ ಕುಡಿದಳು. ನಾನು ಫೋನಿನಲ್ಲಿ ಆಕೆಯ ಪಟ್ಟಿಯ ಸದ್ದನ್ನು ಕಸ ತೆಗೆಯದೆ ಹಾಗೇ ತೆರೆದಿಟ್ಟುಕೊಂಡಿದ್ದೆ. ಒಂಬತ್ತಕ್ಕೆ ಗೆರೆ ತಗ್ಗಿನಲ್ಲಿತ್ತು. ಒಂಬತ್ತು ಹದಿನೈದಕ್ಕೆ ತಲೆ ಎತ್ತಿತು. ಹುಲಿಗೆಮ್ಮ ಮಾತು ನಿಲ್ಲಿಸಿ ಚೌಕಟ್ಟು ಹಿಡಿದುಕೊಂಡಳು. ಬೆರಳುಗಳು ಬೆಳ್ಳಗಾದವು. ಗೆರೆ ಪರದೆಯ ತುದಿ ಮುಟ್ಟಿತು.

“ಅಕ್ಕಾರ, ನಿಮ್ಮ ಬಸ್ಸು ಒಂಬತ್ತೂ ಇಪ್ಪತ್ತಕ್ಕ ಎಲ್ಲಿರತಿತ್ರಿ?”

“ಜಾಲಿಹಾಳ ಕ್ರಾಸ್,” ಎಂದಳು, ಯೋಚಿಸದೆ. ಆಮೇಲೆ ನನ್ನ ಮುಖ ನೋಡಿದಳು. “ಯಾಕವ್ವ?”

ಒಂದೊಂದೇ ಸಮಯ ಹೇಳಿದೆ, ಆಕೆ ಒಂದೊಂದೇ ಊರು ಹೇಳಿದಳು. ಯಾವುದೂ ತಪ್ಪಲಿಲ್ಲ. ಹನ್ನೆರಡು ಐವತ್ತು ಎಂದಾಗ “ಡಿಪೋ” ಎಂದಳು, “ಒಂಬತ್ತೂ ಐವತ್ತಕ್ಕ ಸ್ಟ್ಯಾಂಡಿನ್ಯಾಗ ಮಂದಿ ಇಳಿಸಿ ಹಂಗ ತಿರುಗೂದು, ಡಿಪೋಕ್ಕ ಬರೂದು ಆವಾಗ. ಅಲ್ಲೆ ಒಂದ ಪಾಯಖಾನಿ ಇತ್ತು ಹೆಣ್ಮಕ್ಕಳದು.” ಹೇಳುತ್ತ ಹೇಳುತ್ತ ಆಕೆಯ ದನಿ ಸಣ್ಣದಾಯಿತು.

“ಖರೆ ಇದ್ರೂ ಇರಬಹುದು,” ಎಂದಳು ಕೊನೆಗೆ. “ಆದ್ರ ಮಂಗಳವಾರ ನನಗ ನೋವ ಬರೂದಿಲ್ಲ. ಅವತ್ತು ಅವ್ವನ ವಾರ. ಉಪಾಸ ಇರ್ತೀನಿ. ಆಕಿ ಕಾಯ್ತಾಳ.”

“ಮಂಗಳವಾರ ನಿಮಗ ವಾರದ ರಜಾ ಇರತಿತ್ತೇನ್ರಿ?”

ಕೇಳಬಾರದಿತ್ತು. ಆಕೆ ಗೋಡೆಯ ಮೇಲಿನ ದೇವಿಯ ಪಟದ ಕಡೆ ತಿರುಗಿದಳು. “ಒಂಬತ್ತ ವರ್ಷ ಉಪಾಸ ಮಾಡೀನಲ್ಲ,” ಎಂದಳು. ಆ ಮನೆಯಲ್ಲಿ ಆಕೆಗೆ ಜೊತೆ ಎಂದು ಇದ್ದದ್ದು ಆ ಒಬ್ಬಳೇ, ಅವಳನ್ನೂ ನಾನು ಕಿತ್ತುಕೊಂಡ ಹಾಗಾಯಿತು.

ಚರಗಿ ಕೆಳಗಿಟ್ಟು ಆಕೆಯೇ ಮಾತು ತೆಗೆದಳು. “ತಡಕೊಳ್ಳೂದು ಎಲ್ಲಾ ಹೆಣ್ಣ ಕಂಡಕ್ಟರ್‌ಗಳೂ ತಡಕೋತಿದ್ರು ಬಿಡು. ಮುಂಜಾನಿಂದ ನೀರ ಕುಡೀತಿರಲಿಲ್ಲ ನಾವು. ಡ್ರೈವರ್ ಆದ್ರ ಬಸ್ಸಿನ ಹಿಂದ ಹೋಗಿ ಬರ್ತಾನ. ನಾವು ಎಲ್ಲಿ ಹೋಗೂದು? ಆದ್ರ ಮೊದಲ ಮೂರ ವರ್ಷ ನನಗ ಅಷ್ಟ ತ್ರಾಸ ಇರಲಿಲ್ಲ. ಜಾಲಿಹಾಳ ಕ್ರಾಸಿನ್ಯಾಗ ಹಾಲಿನ ಡೈರಿ ಮಾಡಿದ್ರು, ಅವರ ಮನ್ಯಾಗ ಮುದಿಕಿ ಬಾಳ ಛಲೋದು. ಬಾ ಬೇ ನಮ್ಮಲ್ಲೆ ಅಂತಿದ್ಲು. ಓಡಿ ಹೋಗಿ ಓಡಿ ಬರತಿದ್ದೆ.”

“ಆಮೇಲೆ?”

“ಒಂದಿನಾ ಹೊರಗಾಗಿದ್ದೆ. ಸೀರಿ ಹೊಲಸಾಗಿತ್ತು, ಬದಲ್ಸೂದು ತಡಾ ಆತು. ಬಸ್ಸಿನ್ಯಾಗ ಕಾಲೇಜಿನ ಹುಡುಗ್ರು, ಹುಡುಗ್ಯಾರು. ಬಸ್ಸಿನ ತಗಡ ಬಡ್ಯಾಕ ಹತ್ತಿದ್ರು. ಡಬಡಬಾ ಡಬಡಬಾ. ಒಳಗ ಕೇಳಸತಿತ್ತು ನನಗ. ಅವತ್ತ ದೂರು ಬರದ್ರು. ನೋಟಿಸ ಬಂತು, ಬಸ್ ಯಾಕ ನಿಲ್ಲಿಸಿದಿ, ಕಾರಣ ಕೊಡು ಅಂತ. ಏನಂತ ಬರೀಲ್ಯವ್ವ? ಸಾಹೇಬ್ರೆಲ್ಲಾ ಗಂಡಸ್ರು. ತಪ್ಪಾತು, ಇನ್ನ ಮ್ಯಾಲೆ ಎಲ್ಲೂ ಇಳ್ಯೂದಿಲ್ಲ ಅಂತ ಮುಚ್ಚಳಿಕೆ ಬರಕೊಟ್ಟೆ. ಇಳೀಲಿಲ್ಲ. ಹದಿನೈದ ವರ್ಷ ಡಿಪೋ ಬಿಟ್ರ ಎಲ್ಲೂ ಇಳೀಲಿಲ್ಲ.”

ಟ್ರಂಕು ತೆಗೆದು ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತಂದಳು. ನೋಟಿಸಿನ ಜೊತೆ ಕಳಿಸಿದ್ದ ದೂರಿನ ನಕಲು. “ಇಂದುಮತಿ ಅಂತ ಯಾವಕೀನೋ ಹುಡುಗಿ. ಅಕ್ಷರ ನೋಡು, ಮುತ್ತ ಪೋಣಿಸಿದಂಗ ಅದಾವು. ಒಗ್ಯಾಕ ಮನಸ ಬರಲಿಲ್ಲ. ನನ್ನ ಬಗ್ಗೆ ಯಾರರ ಒಂದ ಪುಟ ಬರದದ್ದು ಅಂದ್ರ ಇದ ನೋಡು.”

‘ಜಾಲಿಹಾಳ ಕ್ರಾಸ್‌ನಲ್ಲಿ ನಿರ್ವಾಹಕಿಯವರು ತಮ್ಮ ಸ್ವಂತ ಕೆಲಸದ ನಿಮಿತ್ತ ಬಸ್ಸನ್ನು ನಿಲ್ಲಿಸಿ, ವಿದ್ಯಾರ್ಥಿಗಳ ಅಮೂಲ್ಯ ಸಮಯವನ್ನು ಹಾಳುಮಾಡಿರುತ್ತಾರೆ…’

ಇಂದುಮತಿ ನಾನೇ. ಬಸ್ಸಿನಲ್ಲಿ ಎಲ್ಲರೂ ‘ಇಂದೂ, ನಿನ್ನ ಅಕ್ಷರ ಚೆಂದ ಐತಿ, ನೀ ಬರಿ’ ಎಂದು ದೂರು ಪುಸ್ತಕ ಕೈಗೆ ಕೊಟ್ಟಿದ್ದರು. ಅಮೂಲ್ಯ ಸಮಯ ಎಂಬ ಪದ ಹೊಳೆದಾಗ ಹೆಮ್ಮೆಪಟ್ಟಿದ್ದೆ. ಕೊಟ್ಟು, ಕಾಲೇಜಿಗೆ ಹೋಗಿ, ಮರೆತೆ. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ನೆನಪಾಗಿರಲಿಲ್ಲ. ನಾನೂ ಹೆಣ್ಣು, ಆ ವಯಸ್ಸಿಗೆ ನನಗೆ ಎಲ್ಲ ಗೊತ್ತಿತ್ತು. ‘ಸ್ವಂತ ಕೆಲಸ’ ಎಂದರೆ ಏನು ಎಂದು ಒಂದು ಗಳಿಗೆ ಯೋಚಿಸಿದ್ದರೆ ಹೊಳೆಯುತ್ತಿತ್ತು.

ಆಕೆ ನನ್ನ ಹೆಸರು ಕೇಳಿರಲಿಲ್ಲ, ನಾನು ಹೇಳಲಿಲ್ಲ. ಕಾಗದ ಮಡಿಚಿ ವಾಪಸು ಕೊಟ್ಟೆ. “ಶನಿವಾರ ಮತ್ತ ಬರ್ತೀನ್ರಿ, ಬಿಗಿ ಬಿಚ್ಚೂದಕ್ಕ ಸಣ್ಣ ವ್ಯಾಯಾಮ ಅದಾವು,” ಎಂದೆ. “ಬಾರವ್ವ,” ಎಂದಳು, “ಒಬ್ಬಾಕೀಗೆ ಮಾಡ್ಕೊಂಡ ತಿನ್ನೂದು ಬ್ಯಾಸರಾಗೇತಿ.” ಬಾಗಿಲ ತನಕ ಬಂದು ಕಳಿಸಿದಳು. ನನ್ನನ್ನು ಬಾಗಿಲ ತನಕ ಬಂದು ಕಳಿಸಿದವರು ಯಾರು, ಯಾವಾಗ ಎಂದು ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ, ಹೊಳೆಯಲಿಲ್ಲ.

ಶುಕ್ರವಾರ ಕೇಂದ್ರದಲ್ಲಿ ಕೂತು ಗುರುವಾರದ ಗೆರೆ, ಹದಿನೈದು ದಿನದ ಗೆರೆ, ಹಳೆಯ ಬಸ್ಸಿನ ವೇಳಾಪಟ್ಟಿ ಮೂರನ್ನೂ ಒಂದರ ಮೇಲೊಂದು ಇಟ್ಟು ಜಹಾಗೀರದಾರರಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವರೇ ಕರೆ ಮಾಡಿದರು. ಹೋದದ್ದಕ್ಕೆ ಬೈದರು. ಆಮೇಲೆ ದನಿ ಇಳಿಸಿ ಹೇಳಿದರು:

“ಹೊಂದಿಕಿ ಆಗತೈತಿ ಖರೆ. ಆದ್ರ ಅದ ಸ್ನಾಯು ಬಿಟ್ಟಾಗ ನೋವು ಬಿಡತೈತಿ ಅನ್ನೂದಕ್ಕ ಪುರಾವೆ ಎಲ್ಲೈತ್ರಿ? ಬಿಗಿ ಹೊತ್ತಿನ್ಯಾಗ ಒಂದ ಸಲ ಗೆರಿ ಇಳದ ತೋರಿಸ್ರಿ. ಅಂದ್ರ ಸುಡೂದು ನಿಲ್ಲಸ್ತೀನಿ. ಮತ್ತ ಆಕಿ ಒಪ್ಪಬೇಕು, ಆಕೀನ ಸುಡ್ರಿ ಅನ್ನಾಕತ್ತಾಳ.”

ಶನಿವಾರ ಹೋದಾಗ ಮಂಡಕ್ಕಿ ಒಗ್ಗರಣೆ ಮಾಡಿ ಮುಚ್ಚಿಟ್ಟಿದ್ದಳು. ಪಕ್ಕದ ಮನೆಯಿಂದ ಒಂದು ತಟ್ಟೆ, ಒಂದು ಲೋಟ ಕೇಳಿ ತಂದಿದ್ದಳು. ಇಬ್ಬರೂ ತಿಂದೆವು. ಊರಿನ ಮಾತು, ಹಳೆಯ ಪ್ಯಾಸೆಂಜರುಗಳ ಮಾತು ಹೇಳಿ ನಗಿಸಿದಳು. ಕೋಳಿಗೆ ಟಿಕೆಟ್ ತಗೋ ಎಂದರೆ ‘ಅದು ನಿಂತಕೊಂಡ ಬರತೈತಿ ಬಿಡ್ರಿ’ ಎಂದ ಮುದುಕನ ಕಥೆಗೆ ನಾನು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಹೆಸರು ಹೇಳದೆ ಇದ್ದುಬಿಟ್ಟರೆ ಹೀಗೇ ವಾರಕ್ಕೊಮ್ಮೆ ಬರಬಹುದಲ್ಲ ಎಂದು ಒಳಗೊಳಗೇ ಆಸೆಯಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಒಂಬತ್ತು ಹತ್ತಕ್ಕೆ ವ್ಯಾಯಾಮ ಶುರು ಮಾಡಿಸಿದೆ. ಉಸಿರು ಹೊಟ್ಟೆಯ ತಳದ ತನಕ ಬಿಡ್ರಿ, ಹೂ ಅರಳಿದ ಹಾಗೆ ಸಡಿಲ ಮಾಡ್ರಿ ಎಂದು ಪುಸ್ತಕದಲ್ಲಿದ್ದುದನ್ನೆಲ್ಲ ಹೇಳಿದೆ. ಗೆರೆ ಏರುತ್ತಲೇ ಹೋಯಿತು.

“ಆಗೂದಿಲ್ಲ ಬಿಡವ್ವ,” ಹುಲಿಗೆಮ್ಮ ಹಲ್ಲು ಕಚ್ಚಿದಳು. “ಸಡ್ಲ ಬಿಡು ಅಂದ್ರ ಹೆಂಗ ಬಿಡ್ಲಿ? ಬಿಡಬೇಕಂದ್ರ ಕಿವ್ಯಾಗ ತಗಡ ಬಡೀತಾರ. ಅವರು ಕುಂತಾರ ಅಲ್ಲೆ ಬಸ್ಸಿನ್ಯಾಗ. ಕಾಯಾಕತ್ತಾರ. ನೀ ಬಂದಿ, ಮಾತಾಡ್ಸಿದಿ, ಅಷ್ಟ ಸಾಕು. ಸೋಮವಾರ ಸುಟ್ಟ ಬಿಡ್ಲಿ. ಚೀಲಾ ಕಟಗೊಂಡ ಇರ್ತೀನಿ. ನನಗ ಎಲ್ಲಿಗ ಹೋಗೂದೈತಿ?”

ಆಗ ಹೇಳಿದೆ.

“ಅಕ್ಕಾರ, ಬಸ್ಸಿನ್ಯಾಗ ಈಗ ಯಾರೂ ಇಲ್ರಿ. ಬಡದವರೆಲ್ಲಾ ಇಳದ ಹೋಗ್ಯಾರ. ಒಬ್ಬಾಕಿ ಉಳದಾಳ. ನನ್ನ ಹೆಸರು ಇಂದುಮತಿ. ಮಾದಿನಾಳದಾಕಿ. ಆ ದೂರು ಬರದಾಕಿ ನಾನ.”

ಆಕೆ ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಬಹಳ ಹಿಂದಿನ ಸೀಟಿನಲ್ಲಿ ಕೂತ ಹುಡುಗಿಯೊಬ್ಬಳನ್ನು ಗುರುತು ಹಿಡಿಯುವವಳ ಹಾಗೆ ಕಣ್ಣು ಸಣ್ಣ ಮಾಡಿ ನೋಡಿದಳು, ಅಷ್ಟೇ.

“ನೀನೇನು,” ಎಂದಳು.

“ಹೌದ್ರಿ.”

“ಇಲ್ಲೇ ಕುಂದ್ರು. ನಾ ಒಂದಕ್ಕ ಹೋಗಿ ಬರ್ತೀನಿ.”

ಹಿತ್ತಲ ಕಡೆ ಹೋಗಿ ಬಾಗಿಲು ಹಾಕಿಕೊಂಡಳು. ಒಂಬತ್ತು ಇಪ್ಪತ್ತೊಂದು. ನಾನು ಕೂತೆ. ನಾನು ವಾಪಸು ಹೋಗಬೇಕಾದ ಬಸ್ಸು ಒಂಬತ್ತೂವರೆಗೆ. ಅದು ತಪ್ಪಿದರೆ ಮುಂದಿನದು ಸಂಜೆಗೇ, ಜಹಾಗೀರದಾರರು ಹೇಳಿದ ಹೊತ್ತಿಗೆ ಕೇಂದ್ರ ಮುಟ್ಟುವುದು ಕಷ್ಟವಿತ್ತು. ಎದ್ದು ಕರೆಯಲಿಲ್ಲ, ಕೆಮ್ಮಲೂ ಇಲ್ಲ. ಫೋನಿನ ಗೆರೆ ಪರದೆಯ ತುದಿಯಲ್ಲೇ ನಡುಗುತ್ತಿತ್ತು. ಒಂಬತ್ತು ಇಪ್ಪತ್ತೇಳಕ್ಕೆ ಓಣಿಯ ತುದಿಯಲ್ಲಿ ಬಸ್ಸು ಬಂದು ನಿಂತ ಸದ್ದಾಯಿತು. ಹೇಳಿದ ಹೊತ್ತಿಗೆ ಅದು ಹೊರಟುಹೋಯಿತು. ಕಾಯುವುದೆಂದರೆ ಏನೆಂದು ಅದಕ್ಕೆ ಗೊತ್ತಿಲ್ಲ.

ಬಸ್ಸು ಹೋದ ಮೇಲೆ ಗೆರೆ ಇಳಿಯತೊಡಗಿತು. ಮೊದಲು ಒಂದು ಮೆಟ್ಟಿಲು, ಆಮೇಲೆ ಇನ್ನೊಂದು. ತಡೆದು ನಿಂತಿತು, ಮತ್ತೆ ಇಳಿಯಿತು. ಒಂಬತ್ತು ಮೂವತ್ತನಾಲ್ಕಕ್ಕೆ ನೆಲ ಮುಟ್ಟಿತು. ಮಂಗಳವಾರ ಅಲ್ಲದ ದಿನ, ಆ ಹೊತ್ತಿನಲ್ಲಿ, ಒಂಬತ್ತು ವರ್ಷದಲ್ಲಿ ಮೊದಲ ಸಲ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಹೊರಗೆ ಬಂದು, ಕೈ ಒರೆಸಿಕೊಂಡು, ಹುಲಿಗೆಮ್ಮ ನನ್ನ ಎದುರಿಗೆ ನೆಲದ ಮೇಲೆ ಕೂತಳು. ಕೂತದ್ದು ಆಕೆಗೇ ಗೊತ್ತಾದ ಹಾಗೆ ಕಾಣಲಿಲ್ಲ.

“ತಡಾ ಆತೇನು?”

“ಹದಿಮೂರ ನಿಮಿಷ್ರಿ.”

“ದೂರು ಬರೀತಿ?”

“ಇಲ್ರಿ ಅಕ್ಕಾರ.”

ತಲೆ ಆಡಿಸಿದಳು. “ಸೋಮವಾರ ಬರೂದಿಲ್ಲಂತ ದವಾಖಾನ್ಯಾಗ ಹೇಳು,” ಎಂದಳು. “ಬಿಗಿ ಬಿಚ್ಚೂದ ಕಲಸಾಕ ಬ್ಯಾರೆ ಯಾರನ್ನರ ಕಳಸು. ನೀ ಬರಬ್ಯಾಡ. ಸಿಟ್ಟಿಲ್ಲ ನನಗ. ಹುಡುಗಿ ಇದ್ದಿ, ಬರದಿ. ಆದ್ರ ನಿನ್ನ ಮಾರಿ ನೋಡಿದ್ರ ನನಗ ಜಾಲಿಹಾಳ ಕ್ರಾಸ್ ಬರತೈತಿ. ಗೊತ್ತಾತಿಲ್ಲ?”

ಗೊತ್ತಾಯಿತು. ಸ್ನಾಯುವಿನ ವಿಷಯ ಆಕೆಗಿಂತ ನನಗೇ ಹೆಚ್ಚು ಗೊತ್ತು. ಈ ಸಲ ಬಾಗಿಲ ತನಕ ಬರಲಿಲ್ಲ.

ಬಾಡಿಗೆ ಕಾರು ಹಿಡಿದು ಕೇಂದ್ರ ಮುಟ್ಟಿ ಗೆರೆ ಕಳಿಸಿದೆ. ಜಹಾಗೀರದಾರರು ಮಾತು ತಪ್ಪಲಿಲ್ಲ, ಸುಡುವುದನ್ನು ರದ್ದು ಮಾಡಿದರು. ಬೆಳಗಿನ ಹೊತ್ತಿನಲ್ಲೂ ಸ್ಕ್ಯಾನು ಮಾಡಬೇಕು, ಕಸುಬು ಕೇಳಲೇಬೇಕು ಎಂದು ಮೇಲಿನವರಿಗೆ ಪತ್ರ ಬರೆದರು. ವರದಿಯ ಕಾರಣದ ಜಾಗದಲ್ಲಿ ನಾನು ಎರಡು ವಾಕ್ಯ ಬರೆದಿದ್ದೆ: ‘ರೋಗಿ ದೀರ್ಘಕಾಲ ಕೆಲಸದ ವೇಳೆಯಲ್ಲಿ ಮೂತ್ರ ತಡೆದದ್ದರಿಂದ ಸ್ನಾಯು ಬಿಗಿದಿದೆ. ತಡೆಯುವಂತೆ ಮಾಡಿದ ದೂರು ಬರೆದವಳು ನಾನು.’ ಎರಡನೆಯದು ಅಪ್ರಸ್ತುತ ಎಂದು ಅವರು ಹೊಡೆದುಹಾಕಿದರು.

ಕುಮಾರಗಡಕ್ಕೆ ವಾರಕ್ಕೆರಡು ಸಲ ವ್ಯಾಯಾಮ ಕಲಿಸುವ ಹುಡುಗಿಯೊಬ್ಬಳು ಹೋಗುತ್ತಿದ್ದಳು. ವಾಸಿಯಾಗುವ ತನಕ ಪಟ್ಟಿ ಹುಲಿಗೆಮ್ಮನ ಸೊಂಟದಲ್ಲೇ ಇರಲೆಂದು ಬಿಟ್ಟಿದ್ದರು. ಒಂದು ದಿನ ಇಳಿದ ಗೆರೆ ಮರುದಿನ ಮತ್ತೆ ಎದ್ದಿತು. ಹದಿನೆಂಟು ವರ್ಷದ ರೂಢಿ ಹದಿಮೂರು ನಿಮಿಷಕ್ಕೆ ಹೋಗುವುದಿಲ್ಲ. ಎರಡನೇ ತಿಂಗಳಲ್ಲಿ ಮಾದಿನಾಳ ಹೋಯಿತು. ಆಮೇಲೆ ಹೊನ್ನಿಗನೂರು. ಜಾಲಿಹಾಳ ಕ್ರಾಸ್ ಕೊನೆಯ ತನಕ ಹಟ ಹಿಡಿದಿತ್ತು. ನಾನು ದಿನವೂ ಒಂಬತ್ತು ಇಪ್ಪತ್ತಕ್ಕೆ ಬೇರೆ ನಲವತ್ತೇಳು ಗೆರೆಗಳನ್ನು ಬಿಟ್ಟು ಮೂವತ್ತೊಂದನ್ನು ನೋಡುತ್ತಿದ್ದೆ.

ನಾಲ್ಕನೇ ತಿಂಗಳ ಒಂದು ಬೆಳಿಗ್ಗೆ ಒಂಬತ್ತು ಇಪ್ಪತ್ತಾಯಿತು, ಇಪ್ಪತ್ತೈದಾಯಿತು, ಮೂವತ್ತಾಯಿತು. ಗೆರೆ ಏಳಲಿಲ್ಲ. ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತೆ. ಕೂಗಬೇಕೆನಿಸಿತು, ಯಾರಿಗಾದರೂ ಫೋನು ಮಾಡಬೇಕೆನಿಸಿತು. ಯಾರಿಗೆ ಮಾಡುವುದು? ಈ ಸಂತೋಷ ತಿಳಿಯುವವಳು ಒಬ್ಬಳೇ, ಅವಳು ಬರಬೇಡ ಎಂದಿದ್ದಳು. ಬಾಗಿಲ ತನಕ ಹೋಗಿ ತೆರೆದು ನೋಡಿದೆ. ಹೊರಗೆ ಉದ್ದನೆಯ ಕಾರಿಡಾರು, ಐದು ಖಾಲಿ ಕೋಣೆಗಳು. ವಾಪಸು ಬಂದು ಮೂವತ್ತೆರಡನೇ ನಂಬರಿನ ಗೆರೆ ತೆಗೆದೆ. ಗಂಡು, ಅರವತ್ತು ವರ್ಷ, ಕಸುಬು: ನೇಕಾರ ಎಂದು ಬರೆದಿತ್ತು.